ಯಾತ್ರಿಕನಿಗೆ ಹಾಸಿಗೆ ಹಾಸಿದವರು ಯಾರು? ಸಾಂತಿಯಾಗೊ ಹಬ್ಬದ ಹಿಂದಿನ ಸಾವಿರ ವರ್ಷಗಳ ಲೆಕ್ಕ

ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲೀಸಿಯಾ ಪ್ರಾಂತ್ಯದ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದಲ್ಲಿ ಪ್ರತಿ ಜುಲೈ 25ರಂದು ಪ್ರೇಷಿತ ಸಂತ ಯಾಕೋಬರ ಹಬ್ಬ ನಡೆಯುತ್ತದೆ. ಆ ದಿನ ಭಾನುವಾರವೇ ಬಂದರೆ ಇಡೀ ವರ್ಷವನ್ನು ಪವಿತ್ರ ವರ್ಷವೆಂದು ಆಚರಿಸುವುದು ಅಲ್ಲಿನ ಹಳೆಯ ಪದ್ಧತಿ. 1993, 1999, 2004, 2010, 2021 ಹೀಗೆ ಬಂದು ಹೋದ ಪವಿತ್ರ ವರ್ಷಗಳು, ಮುಂದಿನದು 2027. ಆ ವರ್ಷ ಹತ್ತಿರವಾದಂತೆ ಸಂತರ ಸಮಾಧಿಯತ್ತ ಸಾಗುವ ಕಾಲ್ದಾರಿಗಳಲ್ಲಿ, ಅಂದರೆ ಲೋಕವೆಲ್ಲ ಕಮೀನೊ ಎಂದು ಕರೆಯುವ ದಾರಿಗಳಲ್ಲಿ, ಯಾತ್ರಿಕನಿಗೆ ಹಾಸಿಗೆ ಒದಗಿಸುವ ಹೊಣೆ ಯಾರದು, ಆ ಹಾಸಿಗೆಗೆ ದುಡ್ಡು ಯಾರದು ಎಂಬ ಹಳೆಯ ತಕರಾರು ಮತ್ತೆ ತಲೆಯೆತ್ತಿದೆ.

ಮೇಲ್ನೋಟಕ್ಕೆ ಇದು ವಸತಿಗೃಹಗಳ ದರದ ವಿಷಯ. ಆದರೆ ದೂರುಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ ತಲೆ ಕೆಡುತ್ತದೆ. ಕಾಣಿಕೆ ಡಬ್ಬಿಯನ್ನೇ ನಂಬಿ ಛತ್ರ ನಡೆಸುವವರು ಡಬ್ಬಿ ತುಂಬುತ್ತಿಲ್ಲ ಎನ್ನುತ್ತಾರೆ. ಖಾಸಗಿ ವಸತಿಗೃಹಗಳ ಮಾಲೀಕರು ಸರ್ಕಾರಿ ಛತ್ರಗಳ ಅಗ್ಗದ ದರದಿಂದ ತಮ್ಮ ಹೊಟ್ಟೆಗೆ ಹೊಡೆತ ಬೀಳುತ್ತಿದೆ ಎನ್ನುತ್ತಾರೆ. ತಿಂಗಳುಗಟ್ಟಲೆ ನಡೆದು ಬಂದವರಿಗೆ ನಾಲ್ಕು ದಿನ ನಡೆದವರ ಮೇಲೆ ಅಸಮಾಧಾನ. ಸಾಂತಿಯಾಗೊ ನಗರದವರಿಗೋ ಇವರೆಲ್ಲರ ಮೇಲೂ ಒಂದಿಷ್ಟು ಅಸಮಾಧಾನ. ಎಲ್ಲರ ಬಾಯಲ್ಲೂ ಇರುವ ಮಾತು ಮಾತ್ರ ಒಂದೇ: ‘ಮೊದಲಿನ ಅತಿಥಿಸತ್ಕಾರ ಈಗ ಉಳಿದಿಲ್ಲ’. ಆ ‘ಮೊದಲು’ ಯಾವಾಗ ಇತ್ತು, ಹೇಗಿತ್ತು ಎಂದು ಹುಡುಕಹೊರಟರೆ ಸಿಗುವ ಚಿತ್ರ ನಾವು ಎಣಿಸಿದಷ್ಟು ಸರಳವಾಗಿಲ್ಲ.

ಗಲಿಲಾಯದ ಬೆಸ್ತ ಜೆಬೆದಾಯನ ಮಗ ಯಾಕೋಬ ಕ್ರಿ.ಶ. 44ರ ಸುಮಾರಿಗೆ ಹೆರೋದ್ ಅಗ್ರಿಪ್ಪನ ಆಜ್ಞೆಯಂತೆ ಜೆರುಸಲೇಮಿನಲ್ಲಿ ಕತ್ತಿಗೆ ಬಲಿಯಾದ. ಅವನ ದೇಹ ದೋಣಿಯಲ್ಲಿ ಗಲೀಸಿಯಾದ ತೀರಕ್ಕೆ ಬಂದಿತೆಂಬುದು ಐತಿಹ್ಯ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ನಡೆಯುವವರು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಒಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೆಲಾಯೊ ಎಂಬ ವಿರಕ್ತ ಕಾಡಿನಲ್ಲಿ ಬೆಳಕು ಕಂಡನಂತೆ, ಬಿಷಪ್ ತೆಯೊದೊಮಿರೊ ಅಲ್ಲಿ ಸಮಾಧಿ ಗುರುತಿಸಿದನಂತೆ, ಅಸ್ತೂರಿಯಾದ ದೊರೆ ಎರಡನೆಯ ಅಲ್ಫೋನ್ಸೊ ಅದರ ಮೇಲೆ ದೇವಾಲಯ ಕಟ್ಟಿಸಿದ. ಮುಂದಿನ ಮುನ್ನೂರು ವರ್ಷಗಳಲ್ಲಿ ಯುರೋಪಿನ ನಾಲ್ಕೂ ಕಡೆಯಿಂದ ಜನ ಬರತೊಡಗಿದರು.

ಅವರನ್ನು ಬರಮಾಡಿಕೊಳ್ಳಬೇಕಾದ ಬಗೆಯನ್ನು ಹೇಳುವ ಮುಖ್ಯ ದಾಖಲೆ ಹನ್ನೆರಡನೆಯ ಶತಮಾನದ ಕೊದೆಕ್ಸ್ ಕಲಿಕ್ಸ್ತಿನುಸ್ ಹಸ್ತಪ್ರತಿ. ಇದರ ಐದನೆಯ ಭಾಗ ಯಾತ್ರಿಕರ ಮಾರ್ಗದರ್ಶಿಯಾಗಿದ್ದು, ಕೊನೆಯ ಅಧ್ಯಾಯವನ್ನು ಪೂರ್ತಿಯಾಗಿ ಸತ್ಕಾರಕ್ಕೇ ಮೀಸಲಿಟ್ಟಿದೆ. ಸಾಂತಿಯಾಗೊಗೆ ಹೋಗುವ ಅಥವಾ ಅಲ್ಲಿಂದ ಮರಳುವ ಯಾತ್ರಿಕ ಬಡವನಿರಲಿ ಸಿರಿವಂತನಿರಲಿ, ಅವನನ್ನು ಮನೆಯೊಳಗೆ ಕರೆದುಕೊಂಡವನು ಯಾಕೋಬರನ್ನಷ್ಟೇ ಅಲ್ಲ, ಕ್ರಿಸ್ತನನ್ನೇ ಕರೆದುಕೊಂಡಂತೆ ಎಂಬುದು ಅದರ ತಾತ್ಪರ್ಯ. ಬರೆದವನಿಗೆ ಉಪದೇಶ ಸಾಲದೆನಿಸಿರಬೇಕು. ಬೆನ್ನಿಗೇ ಹೆದರಿಸುವ ಕಥೆಗಳನ್ನು ಹೇಳಿದ್ದಾನೆ. ನಾಂತುವಾ ಎಂಬಲ್ಲಿ ಯಾತ್ರಿಕನಿಗೆ ರೊಟ್ಟಿ ಕೊಡಲೊಲ್ಲದ ನೇಕಾರನ ಮಗ್ಗದ ಬಟ್ಟೆ ನಡುವೆಯೇ ಹರಿದು ನೆಲಕ್ಕೆ ಬಿತ್ತು. ಬಿಸಿ ಬೂದಿಯಡಿ ರೊಟ್ಟಿ ಬೇಯಿಸಲಿಟ್ಟು ‘ಮನೆಯಲ್ಲಿ ರೊಟ್ಟಿಯಿಲ್ಲ’ ಎಂದ ಹೆಂಗಸಿಗೆ ಬೂದಿ ಕೆದಕಿದಾಗ ದುಂಡು ಕಲ್ಲು ಸಿಕ್ಕಿತು. ಪ್ವಾತಿಯೆ ಪಟ್ಟಣದ ಒಂದು ಬೀದಿಯಲ್ಲಿ ಸಂಜೆ ಮನೆಮನೆಯ ಬಾಗಿಲು ತಟ್ಟಿದ ಇಬ್ಬರು ಯಾತ್ರಿಕರಿಗೆ ಕಟ್ಟಕಡೆಯ ಮನೆಯಲ್ಲಷ್ಟೇ ಜಾಗ ಸಿಕ್ಕಿತು. ಅಂದು ರಾತ್ರಿ ಬೀದಿಗೆ ಬೀದಿಯೇ ಸುಟ್ಟು, ಬೆಂಕಿ ಆ ಮನೆಯ ಗೋಡೆಯ ಬಳಿ ಬಂದು ನಿಂತಿತು.

ಈ ಕಥೆಗಳನ್ನು ಓದಿ ‘ಆಗಿನ ಕಾಲವೇ ಚೆನ್ನಾಗಿತ್ತು’ ಎನ್ನುವವರಿದ್ದಾರೆ. ನನಗೆ ಕಾಣುವುದು ಇದಕ್ಕೆ ತಿರುಗುಮುರುಗು. ಜನ ತಾವಾಗಿಯೇ ಬಾಗಿಲು ತೆರೆಯುತ್ತಿದ್ದರೆ ಬೀದಿ ಸುಡಿಸುವ ಕಥೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅದೇ ಹಸ್ತಪ್ರತಿಯ ಮೊದಲ ಭಾಗದಲ್ಲಿರುವ ಉದ್ದನೆಯ ಪ್ರವಚನವೊಂದು ಈ ಗುಮಾನಿಯನ್ನು ಗಟ್ಟಿ ಮಾಡುತ್ತದೆ. ಒಳ್ಳೆಯ ದ್ರಾಕ್ಷಾರಸದ ರುಚಿ ತೋರಿಸಿ ಕೆಟ್ಟದ್ದನ್ನು ಅಳೆದು ಕೊಡುವವರು, ಎರಡು ಮೂರು ದಿನದ ಹಿಂದೆ ಬೇಯಿಸಿದ ಮೀನು ಮಾಂಸ ಬಡಿಸುವವರು, ಹೊರಗೆ ದೊಡ್ಡದಾಗಿ ಕಂಡರೂ ಒಳಗೆ ಕಡಿಮೆ ಹಿಡಿಯುವ ಅಳತೆಪಾತ್ರೆ ಇಟ್ಟವರು, ದಾರಿಯ ಹಿಂದಿನ ಊರುಗಳಿಗೇ ಆಳುಗಳನ್ನು ಕಳಿಸಿ ನಯದ ಮಾತಿನಲ್ಲಿ ಗಿರಾಕಿ ಹಿಡಿಯುವವರು ಹೀಗೆ ವಸತಿದಾರರ ಪಟ್ಟಿಯೇ ಅಲ್ಲಿದೆ. ಸತ್ಕಾರವೂ ವ್ಯಾಪಾರವೂ ಆ ದಾರಿಯಲ್ಲಿ ಮೊದಲ ದಿನದಿಂದಲೂ ಜೊತೆಯಾಗಿಯೇ ನಡೆದಿವೆ.

ಹಾಗಿದ್ದರೂ ಬಡ ಯಾತ್ರಿಕ ದಾರಿಯಲ್ಲಿ ಹಸಿದು ಸಾಯದಂತೆ ನೋಡಿಕೊಂಡ ಏರ್ಪಾಡು ನಿಜವಾಗಿಯೂ ಇತ್ತು. ಬಂದ ಪ್ರತಿಯೊಬ್ಬ ಅತಿಥಿಯನ್ನೂ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು, ಮಠಾಧಿಪತಿಯೇ ಅವನ ಕೈಗೆ ನೀರು ಹಾಕಬೇಕು, ಅವನ ಪಾದ ತೊಳೆಯಬೇಕು ಎಂಬುದು ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 53ನೆಯ ಅಧ್ಯಾಯ. ಈ ನಿಯಮಕ್ಕೆ ಒಳಪಟ್ಟ ಮಠಗಳು ದಾರಿಯುದ್ದಕ್ಕೂ ಇದ್ದವು. ಪಿರನೀಸ್ ಬೆಟ್ಟ ಇಳಿದೊಡನೆ ಸಿಗುವ ರೊನ್ಸೆಸ್ವಾಯೆಸ್‌ನಲ್ಲಿ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಪಾಂಪ್ಲೋನಾದ ಬಿಷಪ್ ಸ್ಥಾಪಿಸಿದ ಛತ್ರವನ್ನು ಹೊಗಳುವ ಲ್ಯಾಟಿನ್ ಪದ್ಯವೊಂದಿದೆ. ರೋಗಿಗೂ ಆರೋಗ್ಯವಂತನಿಗೂ, ಕಥೋಲಿಕನಿಗೂ ಅನ್ಯಮತೀಯನಿಗೂ, ಯೆಹೂದಿಗೂ, ಪಾಷಂಡಿಗೂ, ಕೊನೆಗೆ ಸೋಮಾರಿಗೂ ಇಲ್ಲಿನ ಬಾಗಿಲು ತೆರೆದಿದೆ ಎಂದು ಅದು ಹೇಳುತ್ತದೆ. ಸೋಮಾರಿಯನ್ನೂ ಪಟ್ಟಿಗೆ ಸೇರಿಸಿದ ಆ ಕವಿಯ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. 1109ರಲ್ಲಿ ತೀರಿಕೊಂಡ ಸಾಂತೊ ದೊಮಿಂಗೊ ಎಂಬ ವಿರಕ್ತನಂತೂ ಸೇತುವೆ ಕಟ್ಟಿ, ದಾರಿ ಹಾಸಿ, ಛತ್ರ ನಡೆಸಿಯೇ ಸಂತನಾದ. ಅವನ ಹೆಸರಿನ ಊರು ಈಗಲೂ ಆ ದಾರಿಯಲ್ಲಿದೆ.

ಇದಕ್ಕೆಲ್ಲ ದುಡ್ಡು ಬರುತ್ತಿದ್ದುದು ದೊರೆಗಳ, ಸಿರಿವಂತರ ದತ್ತಿಯಿಂದ. ನಮ್ಮ ಕಡೆಯ ಹಳೆಯ ಛತ್ರಗಳಿಗೆ ಉಂಬಳಿ ಬಿಟ್ಟ ಗದ್ದೆಗಳಿದ್ದಂತೆ ಅಲ್ಲಿನವಕ್ಕೂ ಹೊಲ, ಗಿರಣಿ, ಹಳ್ಳಿಗಳ ಉತ್ಪನ್ನವಿತ್ತು. ಯಾತ್ರಿಕ ಉಂಡದ್ದು ಪುಕ್ಕಟೆ. ಆದರೆ ಆ ರೊಟ್ಟಿಯ ಗೋಧಿ ಬೆಳೆದವನು ಯಾರೋ ಒಬ್ಬ ಗೇಣಿದಾರ. ಅತಿಥಿಯೂ ಕೈಕಟ್ಟಿ ಕೂರಬೇಕಾಗಿರಲಿಲ್ಲ. ತ್ರಿಯಕಸ್ತೇಲಾದಲ್ಲಿ ಒಂದು ಸುಣ್ಣಕಲ್ಲು ಎತ್ತಿಕೊಂಡು ಕಸ್ತಞೇದಾದ ಸುಣ್ಣದ ಗೂಡಿನವರೆಗೆ ಹೊತ್ತು ತರುವುದು ಯಾತ್ರಿಕರ ವಾಡಿಕೆಯಾಗಿತ್ತು, ಆ ಸುಣ್ಣ ಸಾಂತಿಯಾಗೊ ಪ್ರಧಾನಾಲಯದ, ಅಂದರೆ ಸಂತರ ಸಮಾಧಿಯ ಮೇಲಿನ ದೊಡ್ಡ ಇಗರ್ಜಿಯ, ಕಟ್ಟಡಕ್ಕೆ ಹೋಗುತ್ತಿತ್ತು ಎಂದು ಅದೇ ಮಾರ್ಗದರ್ಶಿ ದಾಖಲಿಸಿದೆ.

ಈ ವ್ಯವಸ್ಥೆಯ ಶಿಖರವೆನ್ನಬಹುದಾದ ಕಟ್ಟಡ ಪ್ರಧಾನಾಲಯದ ಮುಂದಿನ ಒಬ್ರದೊಯ್ರೊ ಚೌಕದಲ್ಲೇ ನಿಂತಿದೆ. ಇಸಬೆಲ್ ಮತ್ತು ಫೆರ್ನಾಂದೊ ರಾಜದಂಪತಿ 1486ರಲ್ಲಿ ಯಾತ್ರೆಗೆ ಬಂದು ಯಾತ್ರಿಕರ ಪಾಡು ಕಂಡು, 1499ರಲ್ಲಿ ಅಪ್ಪಣೆ ಕೊಡಿಸಿ ಕಟ್ಟಿಸಿದ ರಾಜಛತ್ರ ಅದು. 1954ರಿಂದ ಅದು ಸರ್ಕಾರಿ ಸ್ವಾಮ್ಯದ ಐಷಾರಾಮಿ ಹೋಟೆಲ್. ದಿನವೂ ಮೊದಲು ಬಂದ ಹತ್ತು ಯಾತ್ರಿಕರಿಗೆ ಉಚಿತ ಊಟ ಕೊಡುವ ವಾಡಿಕೆಯನ್ನು ಅದು ಉಳಿಸಿಕೊಂಡು ಬಂದಿದೆ. ಇಡೀ ಚರ್ಚೆಯನ್ನು ಒಂದು ಕಟ್ಟಡದಲ್ಲಿ ನೋಡಬೇಕೆನ್ನುವವರು ಅಲ್ಲಿಗೆ ಹೋದರೆ ಸಾಕು.

ನಂತರದ ಮುನ್ನೂರೈವತ್ತು ವರ್ಷಗಳ ಕಥೆ ಇಳಿಜಾರಿನದು: ಪ್ರೊಟೆಸ್ಟೆಂಟ್ ಸುಧಾರಣೆ ಉತ್ತರ ಯುರೋಪಿನ ಯಾತ್ರಿಕರನ್ನು ಕಡಿದುಹಾಕಿತು, 1589ರಲ್ಲಿ ಇಂಗ್ಲಿಷ್ ದಾಳಿಯ ಭಯಕ್ಕೆ ಬಚ್ಚಿಟ್ಟ ಅಸ್ಥಿಗಳು 1879ರವರೆಗೆ ಕಣ್ಣಿಗೆ ಬೀಳಲಿಲ್ಲ, 1830ರ ದಶಕದಲ್ಲಿ ಸ್ಪೇನ್ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕಿದಾಗ ಅತಿಥಿಯ ಅನ್ನದ ಮೂಲವೇ ಬತ್ತಿತು. ಈ ನಡುವೆ 1590ರಲ್ಲಿ ಎರಡನೆಯ ಫಿಲಿಪ್ ದೊರೆ ಸ್ಪೇನಿನವರು ಯಾತ್ರಿಕರ ವೇಷ ತೊಡುವುದನ್ನೇ ನಿಷೇಧಿಸಿದ್ದ; ನಿಲುವಂಗಿ ತೊಟ್ಟು, ಯಾತ್ರಿಕರ ಗುರುತಾದ ಚಿಪ್ಪು ಸಿಕ್ಕಿಸಿಕೊಂಡು ಛತ್ರದಿಂದ ಛತ್ರಕ್ಕೆ ತಿರುಗುತ್ತಿದ್ದ ಅಲೆಮಾರಿಗಳ ಹಾವಳಿ ಅಷ್ಟಿತ್ತು. ‘ನಿಜವಾದ ಯಾತ್ರಿಕ ಯಾರು’ ಎಂಬ ಇಂದಿನ ತಗಾದೆಗೆ ನಾಲ್ಕು ಶತಮಾನಗಳಿಗೂ ಮೀರಿದ ವಯಸ್ಸಾಗಿದೆ. ಹಬ್ಬವೇನೋ ನಿಲ್ಲಲಿಲ್ಲ. 1643ರಿಂದ ಸ್ಪೇನಿನ ದೊರೆಗಳ ಹೆಸರಿನಲ್ಲಿ ಕಾಣಿಕೆ ಸಲ್ಲಿಸುವ ವಿಧಿ ಜುಲೈ 25ರಂದು ನಡೆದುಬಂತು, ಕುದುರೆಯೇರಿ ಕತ್ತಿ ಹಿಡಿದ ಯೋಧ ಯಾಕೋಬ ರಾಜ್ಯದ ಪಾಲಕನಾಗಿ ಮೆರೆದ. ದೊಣ್ಣೆ ಊರಿ ನಡೆಯುವ ಯಾಕೋಬನನ್ನು ಕೇಳುವವರಿರಲಿಲ್ಲ.

ಅವನನ್ನು ಮತ್ತೆ ದಾರಿಗೆ ತಂದದ್ದು ಒಬ್ಬ ಹಳ್ಳಿ ಪಾದ್ರಿ ಎಂದರೆ ಉತ್ಪ್ರೇಕ್ಷೆಯಾಗದು. ಸುಮಾರು 1,300 ಮೀಟರ್ ಎತ್ತರದಲ್ಲಿ, ವರ್ಷದ ಅರ್ಧ ಮಂಜಿನಲ್ಲಿ ಮುಚ್ಚಿರುವ ಓ ಸೆಬ್ರೆಯ್ರೊ ಎಂಬ ಹುಲ್ಲು ಮಾಡಿನ ಮನೆಗಳ ಊರಿಗೆ ಗುರುಗಳಾಗಿ ಬಂದ ಎಲಿಯಾಸ್ ವಲಿಞ (1929–1989) ಹಳೆಯ ದಾರಿಯ ಬಗ್ಗೆಯೇ ಡಾಕ್ಟರೇಟ್ ಮಾಡಿದವರು. ದಾರಿ ಎಲ್ಲಿ ಹಾದುಹೋಗುತ್ತದೆಂಬುದು ಆ ಹೊತ್ತಿಗೆ ಎಷ್ಟೋ ಕಡೆ ಸ್ಥಳೀಯರಿಗೂ ಮರೆತುಹೋಗಿತ್ತು. 1980ರ ದಶಕದ ಮೊದಲ ವರ್ಷಗಳಲ್ಲಿ ಅವರು ರಸ್ತೆ ಗುರುತಿಗೆ ಬಳಸಿ ಮಿಕ್ಕಿದ ಹಳದಿ ಬಣ್ಣದ ಡಬ್ಬಗಳನ್ನು ಕಾರಿಗೆ ಹೇರಿಕೊಂಡು ಮರ, ಕಲ್ಲು, ಕೊಟ್ಟಿಗೆಯ ಗೋಡೆ ಎನ್ನದೆ ಬಾಣದ ಗುರುತು ಬಳಿಯುತ್ತ ಹೋದರು. ಪಿರನೀಸ್ ಬಳಿ ತಡೆದು ವಿಚಾರಿಸಿದ ಪೊಲೀಸರಿಗೆ ‘ಫ್ರಾನ್ಸಿನಿಂದ ದೊಡ್ಡ ದಂಡಯಾತ್ರೆ ಬರಲಿದೆ, ಅದಕ್ಕೆ ಸಿದ್ಧತೆ ಮಾಡುತ್ತಿದ್ದೇನೆ’ ಎಂದರಂತೆ. ನಡೆದದ್ದೋ ಕಟ್ಟಿದ್ದೋ, ಮಾತಂತೂ ನಿಜವಾಯಿತು.

ಆ ದಶಕದಲ್ಲಿ ನಡೆದವರ ನೆನಪುಗಳಲ್ಲಿ ಛತ್ರವೆಂಬುದೇ ಅಪರೂಪ. ಪಾದ್ರಿಯ ಮನೆಯ ಅಂಗಳ, ಶಾಲೆಯ ಜಗಲಿ, ಹುಲ್ಲಿನ ಕಣಜ ಇವೇ ಮಲಗುವ ಜಾಗ. 1987ರಲ್ಲಿ ಯುರೋಪ್ ಮಂಡಳಿ ಈ ದಾರಿಯನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು, 1989ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿಶ್ವ ಯುವದಿನಕ್ಕೆ ಸಾಂತಿಯಾಗೊಗೆ ಬಂದರು. ಆದರೂ 1992ರಲ್ಲಿ ಯಾತ್ರೆ ಪೂರೈಸಿ ಪ್ರಮಾಣಪತ್ರ ಪಡೆದವರು 9,764 ಮಂದಿ ಮಾತ್ರ. ಮರುವರ್ಷವೇ ಪವಿತ್ರ ವರ್ಷ. ಗಲೀಸಿಯಾದ ಪ್ರಾದೇಶಿಕ ಸರ್ಕಾರ ಭಾರಿ ಪ್ರಚಾರ ಹಮ್ಮಿಕೊಂಡಿತು, ಪೆಲೆಗ್ರಿನ್ ಎಂಬ ಲಾಂಛನದ ಗೊಂಬೆ ಹುಟ್ಟಿತು, ಸಂಗೀತ ಕಛೇರಿಗಳಾದವು. ಅದರ ಜೊತೆಗೆ ದಾರಿಯುದ್ದಕ್ಕೂ ಸರ್ಕಾರಿ ಯಾತ್ರಿವಸತಿಗಳ, ಅಂದರೆ ಅಲ್ಬೆರ್ಗೆಗಳ, ಸರಣಿಯೇ ಎದ್ದು ನಿಂತಿತು; ಯಾತ್ರಿಕರು ಮನಸ್ಸಿಗೆ ಬಂದಷ್ಟು ಕಾಣಿಕೆ ಹಾಕಿ ಅಲ್ಲಿ ತಂಗಬಹುದಿತ್ತು. 1993ರ ಲೆಕ್ಕ 99,436ಕ್ಕೆ ಏರಿತು. 1994ರಲ್ಲಿ ಅದು 15,863ಕ್ಕೆ ಕುಸಿಯಿತು. ಈ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಮುಂದಿನ ಮೂವತ್ತು ವರ್ಷಗಳ ಕಥೆ ಅರ್ಧ ತಿಳಿದಂತೆ: ಹಬ್ಬದ ವರ್ಷಕ್ಕೆಂದು ಹಾಸಿದ ಹಾಸಿಗೆಯನ್ನು ಹಬ್ಬವಿಲ್ಲದ ವರ್ಷದಲ್ಲೂ ತುಂಬಬೇಕಾಯಿತು.

ಇದೇ ಹೊತ್ತಿಗೆ ಇನ್ನೊಂದು ಬೆಳವಣಿಗೆ ಸದ್ದಿಲ್ಲದೆ ನಡೆಯಿತು, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದೂ ಅದೇ. 1990ರ ಬೇಸಿಗೆಯಿಂದಾಚೆ, ತಾವೇ ಹಿಂದೊಮ್ಮೆ ನಡೆದು ಉಪಕೃತರಾದವರು ದಾರಿಗೆ ಮರಳಿ ಛತ್ರ ನೋಡಿಕೊಳ್ಳತೊಡಗಿದರು. ಇವರನ್ನು ಅಲ್ಲಿ ಒಸ್ಪಿತಲೆರೊ ಎನ್ನುತ್ತಾರೆ. ಸಾಮಾನ್ಯವಾಗಿ ಹದಿನೈದು ದಿನದ ಸರದಿ, ಸಂಬಳವಿಲ್ಲ, ಹೋಗಿಬರುವ ಖರ್ಚು ತಮ್ಮದೇ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಶೌಚಾಲಯ ತೊಳೆದು, ನೆಲ ಗುಡಿಸಿ, ಸಂತೆಗೆ ಹೋಗಿ ಬಂದು, ಮಧ್ಯಾಹ್ನ ಬಾಗಿಲಲ್ಲಿ ನಿಂತು ಬಂದವರ ಬೆನ್ನಿನ ಚೀಲ ಇಳಿಸಿಕೊಂಡು, ನೀರು ಕೊಟ್ಟು, ಕಾಲಿನ ಬೊಬ್ಬೆ ನೋಡಿ, ರಾತ್ರಿ ಎಲ್ಲರ ಜೊತೆ ಸೇರಿ ಅಡುಗೆ ಮಾಡುವುದು ಇವರ ದಿನಚರಿ. ಬ್ರಿಟನ್ನಿನ ಯಾತ್ರಿಕರ ಸಂಘ 1991ರಲ್ಲಿ ರಬನಾಲ್ ಎಂಬ ಹಳ್ಳಿಯಲ್ಲಿ ತನ್ನದೇ ಛತ್ರ ತೆರೆಯಿತು. ಗ್ರಞೋನ್ ಹಳ್ಳಿಯಲ್ಲಿ ಇಗರ್ಜಿಯ ಗೋಪುರಕ್ಕೆ ಅಂಟಿಕೊಂಡಿರುವ ಕೋಣೆಗಳಲ್ಲಿ ನೆಲದ ಮೇಲೆ ಚಾಪೆಯಂಥ ಹಾಸಿಗೆ, ಒಂದೇ ಪಂಕ್ತಿಯ ಊಟ, ಆಮೇಲೆ ಪ್ರಾರ್ಥನೆ. ಬಾಗಿಲ ಬಳಿ ಮುಚ್ಚಳ ತೆರೆದಿಟ್ಟ ಪೆಟ್ಟಿಗೆಯ ಮೇಲೆ ‘ನಿಮ್ಮಿಂದಾದಷ್ಟು ಬಿಟ್ಟುಹೋಗಿ, ನಿಮಗೆ ಬೇಕಾದಷ್ಟು ತೆಗೆದುಕೊಳ್ಳಿ’ ಎಂಬ ಬರಹ. ಪೆಟ್ಟಿಗೆಗೆ ಬೀಗ ಇಲ್ಲ.

ಪಿಸುಯೇರ್ಗಾ ನದಿಯ ಹಳೆಯ ಸೇತುವೆಗೆ ಮುನ್ನ ಸಿಗುವ ಸಾನ್ ನಿಕೊಲಾಸ್ ಇನ್ನೂ ಹಿಂದಿನ ಕಾಲದ್ದು. ಪಾಳುಬಿದ್ದಿದ್ದ ಹದಿಮೂರನೆಯ ಶತಮಾನದ ಚಾಪೆಲ್ಲನ್ನು ಇಟಲಿಯ ಪೆರುಜಿಯಾ ನಗರದ ಭ್ರಾತೃಸಂಘವೊಂದು ದುರಸ್ತಿ ಮಾಡಿಸಿ ಛತ್ರ ಮಾಡಿಕೊಂಡಿದೆ. ಒಳಗೆ ಒಂದೇ ಉದ್ದನೆಯ ಹಜಾರ. ಒಂದು ತುದಿಗೆ ಪೂಜಾಪೀಠ, ಇನ್ನೊಂದು ತುದಿಗೆ ಹತ್ತು ಹನ್ನೆರಡು ಹಾಸಿಗೆ, ನಡುವೆ ಊಟದ ಮೇಜು. ವಿದ್ಯುತ್ ದೀಪವಿಲ್ಲದ ಆ ಹಜಾರದಲ್ಲಿ ಸಂಜೆ ಯಾತ್ರಿಕರನ್ನು ಪೂಜಾಪೀಠದ ಸುತ್ತ ಕೂರಿಸಿ, ಒಬ್ಬೊಬ್ಬರ ಒಂದು ಪಾದಕ್ಕೆ ಹೂಜಿಯಿಂದ ನೀರು ಹಾಕಿ, ಬಟ್ಟೆಯಿಂದ ಒರೆಸಿ, ಪಾದಕ್ಕೆ ಮುತ್ತಿಡುತ್ತಾರೆ. ಬೊಬ್ಬೆಯೊಡೆದು ಕೆಂಪಾದ, ಬೆವರು ನಾರುವ ಪಾದ ಅದು. ದೇವರನ್ನು ನಂಬದವರೂ ಆ ಹೊತ್ತಿನಲ್ಲಿ ಕಾಲು ಹಿಂದೆಗೆಯಲಾರದೆ, ಮುಂದೆ ಚಾಚಲಾರದೆ ಒದ್ದಾಡುತ್ತಾರೆಂದು ಹೋಗಿಬಂದವರು ಹೇಳುತ್ತಾರೆ. ಸತ್ಕಾರ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದೇ ಕಷ್ಟವೆಂದು ಅಲ್ಲಿ ತಿಳಿಯುತ್ತದಂತೆ.

ಇಂಥ ಛತ್ರಗಳಿಗೆ ನಿಗದಿತ ದರವಿಲ್ಲ. ಕಾಣಿಕೆಯ ಈ ಪದ್ಧತಿಗೆ ದೊನಾತಿವೊ ಎಂದು ಹೆಸರು. ಇಂದು ನಿನ್ನ ತಟ್ಟೆಯಲ್ಲಿರುವ ಊಟ ನಿನ್ನೆ ಬಂದವರು ಹಾಕಿಹೋದ ದುಡ್ಡಿನದು, ನೀನು ಹಾಕುವ ದುಡ್ಡು ನಾಳೆ ಬರುವವರಿಗೆ ಎಂಬುದು ಇದರ ಲೆಕ್ಕಾಚಾರ. ನಡೆಯುವವರು ಸಾವಿರಗಟ್ಟಲೆ ಇದ್ದಾಗ ಲೆಕ್ಕ ಸರಿದೂಗುತ್ತಿತ್ತು. 2010ರಲ್ಲಿ ಪ್ರಮಾಣಪತ್ರ ಪಡೆದವರು 2.72 ಲಕ್ಷ, 2019ರಲ್ಲಿ 3.47 ಲಕ್ಷ, 2024ರಲ್ಲಿ ಹತ್ತಿರಹತ್ತಿರ 5 ಲಕ್ಷ. ದೊನಾತಿವೊ ಎಂದರೆ ಪುಕ್ಕಟೆ ಎಂದು ಬಗೆದು ಬಂದವರೂ ಈ ಗುಂಪಿನಲ್ಲಿದ್ದರು, ಹಾಕಬೇಕೆಂದಿದ್ದೂ ಎಷ್ಟೆಂದು ತಿಳಿಯದೆ ಚಿಲ್ಲರೆ ಹಾಕಿ ನಡೆದವರೂ ಇದ್ದರು. ‘ಕಾಣಿಕೆಯೆಂದರೆ ಪುಕ್ಕಟೆಯಲ್ಲ’ ಎಂಬ ಬೋರ್ಡುಗಳು ಗೋಡೆ ಏರಿದವು. ಗಲೀಸಿಯಾದ ಸರ್ಕಾರಿ ವಸತಿಗಳು 2008ರ ಹೊತ್ತಿಗೆ ಡಬ್ಬಿ ತೆಗೆದು ನಿಗದಿತ ಶುಲ್ಕ ಇಟ್ಟವು. ಮೂರು ಯೂರೊ ಇದ್ದದ್ದು ಹಂತಹಂತವಾಗಿ ಏರುತ್ತ ಬಂದಿದೆ. ಈ ವಸತಿಗಳನ್ನು ನೋಡಿದವರು ಒಂದು ವಿಚಿತ್ರ ಗಮನಿಸಿರುತ್ತಾರೆ: ಹಲವೆಡೆ ಅಡುಗೆಮನೆಯಲ್ಲಿ ಹೊಸ ಒಲೆ, ಹೊಳೆಯುವ ಸಿಂಕು ಎಲ್ಲವೂ ಉಂಟು, ಪಾತ್ರೆಗಳಿಲ್ಲ. ಪಾತ್ರೆ ಇದ್ದರೆ ಬೀದಿಯ ಹೋಟೆಲುಗಳಿಗೆ ಗಿರಾಕಿಯಿಲ್ಲ ಎಂದು ಒಬ್ಬರು, ಇಟ್ಟ ಪಾತ್ರೆಯೆಲ್ಲ ಕಳುವಾಗುತ್ತದೆ ಎಂದು ಇನ್ನೊಬ್ಬರು. ಕಾರಣ ಯಾವುದೇ ಇರಲಿ, ನಲ್ವತ್ತು ಜನ ಮಲಗುವ ಮನೆಯಲ್ಲಿ ಒಂದು ಗಂಜಿ ಬೇಯುವುದಿಲ್ಲ.

ಗೊಂದಲ ಹೆಚ್ಚಿಸಿದ್ದು ನಿಯಮವೊಂದರ ಆಕಸ್ಮಿಕ ಫಲ. ಪ್ರಮಾಣಪತ್ರಕ್ಕೆ ಕಾಲ್ನಡಿಗೆಯಲ್ಲಿ ಕಡೆಯ ನೂರು ಕಿಲೋಮೀಟರ್ ಸಾಕು. ಸಾರಿಯಾ ಪಟ್ಟಣ ಅದಕ್ಕಿಂತ ತುಸು ದೂರದಲ್ಲಿ, ರೈಲು ನಿಲ್ದಾಣದ ಅನುಕೂಲದೊಂದಿಗೆ ಇರುವುದರಿಂದ ಬೇರಾವ ಊರಿಗಿಂತಲೂ ಹೆಚ್ಚು ಜನ ಅಲ್ಲಿಂದಲೇ ಹೊರಡುತ್ತಾರೆ. ನಡೆದದ್ದಕ್ಕೆ ಸಾಕ್ಷಿಯಾಗಿ ಯಾತ್ರಿಕರ ಪುಸ್ತಿಕೆಗೆ ದಿನಕ್ಕೆ ಎರಡು ಕಡೆ ಸೀಲು ಒತ್ತಿಸಿಕೊಳ್ಳಬೇಕಾಗಿರುವುದರಿಂದ ದಾರಿಯ ಚಹಾದಂಗಡಿ, ಹಣ್ಣಿನಂಗಡಿಗಳಲ್ಲೂ ಸೀಲು ಬಂದಿದೆ. ಚೀಲವನ್ನು ಮುಂದಿನ ಊರಿಗೆ ಅಂಚೆ ಇಲಾಖೆಯೇ ಮುಟ್ಟಿಸುತ್ತದೆ, ಹಾಸಿಗೆಯನ್ನು ಮೊಬೈಲಿನಲ್ಲಿ ಕಾದಿರಿಸಬಹುದು. ಮುಂಗಡ ತೆಗೆದುಕೊಳ್ಳದ ಛತ್ರಗಳಲ್ಲಿ ಜಾಗ ಹಿಡಿಯಲು ಜನ ಬೆಳಗಿನ ಐದಕ್ಕೇ ತಲೆಗೆ ಟಾರ್ಚು ಕಟ್ಟಿ ಓಡುತ್ತಾರೆ. ಚೀಲ ಹೊರುವುದಾಗದ ಮುದುಕಿಗೆ, ವಾರದ ರಜೆ ಮಾತ್ರ ಸಿಗುವ ಕೂಲಿಯವನಿಗೆ ಇವೆಲ್ಲ ಉಪಕಾರಗಳೇ. ಅವರನ್ನು ಹಗುರವಾಗಿ ಕಾಣುವವರು ರೊನ್ಸೆಸ್ವಾಯೆಸ್‌ನ ಪದ್ಯವನ್ನು ಇನ್ನೊಮ್ಮೆ ಓದಬಹುದು.

ಸಾಂತಿಯಾಗೊ ನಗರವಾಸಿಗಳ ದೂರು ಮಾತ್ರ ಈ ಒಳಜಗಳಕ್ಕಿಂತ ಬೇರೆ ತೂಕದ್ದು. ಸುಮಾರು ಒಂದು ಲಕ್ಷ ಜನರ ಊರದು. ಹಳೆಯ ಪೇಟೆಯ ಮನೆಗಳು ಪ್ರವಾಸಿಗಳ ಬಾಡಿಗೆಗೆ ಹೋದಂತೆ ಅಲ್ಲಿ ಹುಟ್ಟಿ ಬೆಳೆದವರು ಊರಾಚೆಗೆ ಸರಿಯುತ್ತಿದ್ದಾರೆ. ತರಕಾರಿ ಅಂಗಡಿಯಿದ್ದಲ್ಲಿ ಚಿಪ್ಪು, ಊರುಗೋಲು, ಕಾಂತದ ಗೊಂಬೆ ಮಾರುವ ಅಂಗಡಿ ಬಂದಿದೆ. ನಗರಸಭೆ ಇಂಥ ಬಾಡಿಗೆ ಮನೆಗಳಿಗೆ ಕಡಿವಾಣ ಹಾಕಹೊರಟಿದೆ. ಸತ್ಕಾರಕ್ಕೆ ಮೊದಲು ಮನೆಯೆಂಬುದೊಂದು ಬೇಕು, ಆ ಮನೆಯಲ್ಲಿ ವಾಸವಾಗಿರುವ ಜನ ಬೇಕು. ಅತಿಥಿಗಳೇ ಮನೆಯನ್ನು ತುಂಬಿಬಿಟ್ಟರೆ ಬಾಗಿಲು ತೆರೆಯಲು ಒಳಗೆ ಯಾರೂ ಉಳಿಯುವುದಿಲ್ಲ ಎಂಬ ಅವರ ವಾದಕ್ಕೆ ಈವರೆಗೆ ಯಾರೂ ನೇರ ಉತ್ತರ ಕೊಟ್ಟಂತಿಲ್ಲ.

ಈ ಜನ ಎಂಥವರೆಂಬುದಕ್ಕೆ 2013ರ ಹಬ್ಬದ ಹಿಂದಿನ ಸಂಜೆ ಸಾಕ್ಷಿ. ಜುಲೈ 24ರ ರಾತ್ರಿ ಚೌಕದಲ್ಲಿ ಬಾಣಬಿರುಸು ಆರಂಭವಾಗಬೇಕಿತ್ತು. ಅದಕ್ಕೂ ಮುನ್ನ ಮ್ಯಾಡ್ರಿಡ್‌ನಿಂದ ಬರುತ್ತಿದ್ದ ರೈಲು ನಗರದಂಚಿನ ಅಂಗ್ರೋಯ್ಸ್ ಎಂಬ ಪುಟ್ಟ ಬಡಾವಣೆಯ ತಿರುವಿನಲ್ಲಿ ಹಳಿ ತಪ್ಪಿ ಸುಮಾರು 80 ಮಂದಿ ಸತ್ತರು. ಆಂಬುಲೆನ್ಸ್ ಬರುವ ಮುಂಚೆಯೇ ಅಲ್ಲಿನವರು ಹಳಿಗೆ ಇಳಿದು, ಬೋಗಿಗಳ ಗಾಜು ಒಡೆದು, ಗಾಯಾಳುಗಳನ್ನು ಎಳೆದು ತಂದು, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಹಬ್ಬದ ಆಚರಣೆ ರದ್ದಾಯಿತು. ಅಂಗ್ರೋಯ್ಸ್ ಕಮೀನೊ ದಾರಿಯ ಪ್ರಸಿದ್ಧ ತಂಗುದಾಣವೇನಲ್ಲ. ಅಲ್ಲಿನವರಿಗೆ ಸತ್ಕಾರದ ತರಬೇತಿಯನ್ನು ಯಾರೂ ಕೊಟ್ಟಿರಲಿಲ್ಲ.

2021ರ ಪವಿತ್ರ ವರ್ಷವನ್ನು ಕೋವಿಡ್ ಕಾರಣಕ್ಕೆ ಪೋಪ್ ಫ್ರಾನ್ಸಿಸ್ 2022ರವರೆಗೆ ವಿಸ್ತರಿಸಿದ್ದರು. ಆ ಅವಧಿಯಲ್ಲಿ ಕಾಣಿಕೆಯ ಛತ್ರಗಳು ದೀರ್ಘ ಕಾಲ ಮುಚ್ಚಿದ್ದವು, ಖಾಸಗಿ ಕೋಣೆಗಳ ರೂಢಿ ಬಲವಾಯಿತು. ಹೀಗಾಗಿ 2027, ಕೋವಿಡ್ ಕಳೆದ ಮೇಲೆ ಕಾಣಿಕೆ ಪದ್ಧತಿಗೆ ಎದುರಾಗುತ್ತಿರುವ ಮೊದಲ ಪವಿತ್ರ ವರ್ಷ, ಅದೂ ಹಿಂದೆಂದೂ ಕಾಣದಷ್ಟು ಜನರೊಂದಿಗೆ. ಹಾಸಿಗೆಗಳ ಸಂಖ್ಯೆ ಹೆಚ್ಚಿಸುವ ಯೋಜನೆಗಳ ಬಗ್ಗೆ ಮಾತು ಬೇಕಾದಷ್ಟು ನಡೆಯುತ್ತಿದೆ. ಹದಿನೈದು ದಿನ ರಜೆ ಹಾಕಿ ಶೌಚಾಲಯ ತೊಳೆಯಲು ಬರುವವರ ಸಂಖ್ಯೆ ಹೆಚ್ಚಿಸುವ ಮಾತು ಕಡಿಮೆ. ಅದಾದ ಮೇಲಿನ ಪವಿತ್ರ ವರ್ಷ 2032. ನಡುವಿನ ನಾಲ್ಕು ವರ್ಷ ಈ ಹಾಸಿಗೆಗಳಲ್ಲಿ ಎಷ್ಟನ್ನು ಗಿರಾಕಿಗಳಿಗೆ, ಎಷ್ಟನ್ನು ಯಾತ್ರಿಕರಿಗೆ ಕೊಡುವುದೆಂಬುದನ್ನು 1994ರಂತೆ ಆಮೇಲೆ ಯೋಚಿಸುವ ಬದಲು ಈಗಲೇ ತೀರ್ಮಾನಿಸಬೇಕೆಂದು ಒಸ್ಪಿತಲೆರೊಗಳು ಕೇಳುತ್ತಿರುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.